ಹಾಜರಿ ಪುಸ್ತಕದ ಸಮನ್ವಯ

ಸಮನ್ವಯವೆಂಬುದು ಹಗುರವಾದ ಮಾತಲ್ಲ. ಬ್ರಹ್ಮಸೂತ್ರಗಳ ಮೊದಲನೆಯ ಅಧ್ಯಾಯಕ್ಕೆ ಸಮನ್ವಯಾಧ್ಯಾಯವೆಂದು ಹೆಸರು. ಒಂದಕ್ಕೊಂದು ವಿರೋಧವಾಗಿ ತೋರುವ ಶ್ರುತಿವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾವುದೊಂದರ ಸ್ವಂತ ಅರ್ಥವನ್ನೂ ಕೆಡಿಸದೆ, ಎಲ್ಲವೂ ಒಂದೇ ತಾತ್ಪರ್ಯದಲ್ಲಿ ನೆಲೆಗೊಳ್ಳುವುದನ್ನು ತೋರಿಸುವ ಶ್ರಮಕ್ಕೆ ಆ ಹೆಸರು ಸಲ್ಲುತ್ತದೆ. ಈ ಘನವಾದ ಶಬ್ದವನ್ನು ಇಂದಿನ ಶಿಕ್ಷಣ ಇಲಾಖೆಯವರು ಎರವಲು ತಂದು, ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಊರಿನ ಸಾಮಾನ್ಯ ಪಾಠಶಾಲೆಗೆ ಸೇರಿಸುವ ಏರ್ಪಾಡಿಗೆ ಸಮನ್ವಯ ಶಿಕ್ಷಣವೆಂದು ನಾಮಕರಣ ಮಾಡಿದ್ದಾರೆ. ಹೆಸರು ಚೆನ್ನಾಗಿದೆ. ಹೆಸರಿಗೆ ತಕ್ಕ ಶ್ರಮವೆಲ್ಲಿ ಎಂಬುದು ಮಾತ್ರ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಉತ್ತರವಿಲ್ಲದೆ ಉಳಿದಿರುವ ಪ್ರಶ್ನೆ.

ನಡೆಯುವ ಕ್ರಮವನ್ನು ನೋಡಿರಿ. ಹುಟ್ಟಿನಿಂದ ಕಿವಿ ಕೇಳದ ಹುಡುಗಿಯೊಬ್ಬಳು ಆರು ವರ್ಷ ತುಂಬಿದೊಡನೆ ಊರಿನ ಶಾಲೆಗೆ ಸೇರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಏರುತ್ತದೆ. ಹೆಸರಿನ ಪಕ್ಕದಲ್ಲಿ ನ್ಯೂನತೆಯ ಸಂಕೇತವೊಂದು ಬೀಳುತ್ತದೆ. ಇಲಾಖೆಯ ಲೆಕ್ಕದಲ್ಲಿ ಸಮನ್ವಯಗೊಂಡ ಮಕ್ಕಳ ಸಂಖ್ಯೆ ಒಂದು ಹೆಚ್ಚುತ್ತದೆ. ಅವಳಿಗೆ ಮಧ್ಯಾಹ್ನದ ಊಟವುಂಟು, ಸಮವಸ್ತ್ರವುಂಟು, ಪಠ್ಯಪುಸ್ತಕವುಂಟು. ಉಪಾಧ್ಯಾಯರು ಹಲಗೆಯ ಕಡೆಗೆ ತಿರುಗಿ ಪಾಠ ಹೇಳುತ್ತಾರೆ; ಅವರ ಬೆನ್ನನ್ನು ನೋಡುತ್ತ ಅವಳು ಕುಳಿತಿರುತ್ತಾಳೆ. ಪಕ್ಕದವರು ಬರೆದುದನ್ನು ನೋಡಿ ಅಕ್ಷರಗಳನ್ನು ಅಂದವಾಗಿ ಬರೆಯುವುದನ್ನು ಕಲಿಯುತ್ತಾಳೆ. ತಪಾಸಣೆಗೆ ಬಂದವರು ಆ ಬರಹವನ್ನು ಕಂಡು ಮೆಚ್ಚುವುದೂ ಉಂಟು. ಬರೆದುದರ ಅರ್ಥವೇನೆಂದು ಅವಳನ್ನು ಕೇಳುವ ಭಾಷೆ ಮಾತ್ರ ಆ ಶಾಲೆಯಲ್ಲಿ ಯಾರಿಗೂ ಬಾರದು. ಹೀಗೆ ಎಂಟು ವರ್ಷಗಳು ಕಳೆದು ಎಂಟನೆಯ ತರಗತಿ ಮುಗಿಯುತ್ತದೆ. ಇದನ್ನು ಸಮನ್ವಯವೆಂದು ಕರೆಯತಕ್ಕದ್ದಾದರೆ, ಗೋಡೆಯ ಮೇಲಿನ ಭೂಪಟವೂ ಆ ಶಾಲೆಯಲ್ಲಿ ಸಮನ್ವಯಗೊಂಡಿದೆಯೆಂದೇ ಹೇಳಬೇಕಾಗುವುದು.

ಈ ವಿಷಯವನ್ನು ಕುರಿತು ಎರಡು ಪಕ್ಷಗಳ ವಾದ ಬಹು ಕಾಲದಿಂದ ನಡೆಯುತ್ತಿದೆ. ಕನ್ನಡನಾಡಿನಲ್ಲಿ ಮೊದಲು ಬಂದುದು ವಿಶೇಷ ಶಾಲೆ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಕುರುಡ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆಯನ್ನು ತೆರೆದಾಗ, ಅಂತಹ ಮಕ್ಕಳಿಗೆ ವಿದ್ಯೆ ಸಾಧ್ಯವೆಂಬುದನ್ನೇ ಜನ ನಂಬುತ್ತಿರಲಿಲ್ಲ. ಮುಂದೆ 1944ರ ಸಾರ್ಜೆಂಟ್ ವರದಿ ಈ ಮಕ್ಕಳ ವಿದ್ಯಾಭ್ಯಾಸವು ರಾಷ್ಟ್ರೀಯ ವಿದ್ಯಾವ್ಯವಸ್ಥೆಯ ಅಂಗವಾಗಬೇಕೆಂದಿತು. 1966ರಲ್ಲಿ ಕೊಠಾರಿ ಆಯೋಗ ಸಾಮಾನ್ಯ ಶಾಲೆಗಳಲ್ಲಿ ಒಟ್ಟಾಗಿ ಕಲಿಸುವುದನ್ನು ಎತ್ತಿಹಿಡಿಯಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೆಂದೇ ಯೋಜನೆಯೊಂದನ್ನು ಹೂಡಿತು. 1994ರಲ್ಲಿ ಸ್ಪೇನ್ ದೇಶದ ಸಲಮಾಂಕ ನಗರದಲ್ಲಿ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಮಾಡಿದ ಘೋಷಣೆಯ ತರುವಾಯ ಈ ತತ್ತ್ವಕ್ಕೆ ಎದುರಾಡುವುದು ಸಭ್ಯರ ನಡುವೆ ಕಷ್ಟವಾಯಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವಾದರೋ ಇನ್ನೂ ಉದಾರವಾಗಿ, ಗೊತ್ತುಪಡಿಸಿದ ಪ್ರಮಾಣದ ನ್ಯೂನತೆಯುಳ್ಳ 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಶುಲ್ಕವಿಲ್ಲದೆ ಓದುವ ಹಕ್ಕನ್ನು ಕೊಟ್ಟಿತು. ಮಾತಿನಲ್ಲಿ ಕೊರತೆಯೇನೂ ಇಲ್ಲ.

ಸಾಮಾನ್ಯ ಶಾಲೆಯ ಪಕ್ಷದವರು ಹೇಳುವುದರಲ್ಲಿ ಸತ್ಯಾಂಶ ಬಹಳವಿದೆ. ಮಗು ತಾಯಿಯ ಕೈಯ ಊಟ ಉಂಡು ಬೆಳೆಯಬೇಕು. ಅಣ್ಣ ತಂಗಿಯರೊಡನೆ ಜಗಳವಾಡಬೇಕು. ಊರ ಜಾತ್ರೆ, ತೇರು, ಮದುವೆ, ಸಾವು ಎಲ್ಲದರಲ್ಲಿಯೂ ಕಾಣಿಸಿಕೊಳ್ಳಬೇಕು. ಐದನೆಯ ವರ್ಷದಲ್ಲಿ ದೂರದ ಪಟ್ಟಣದ ವಸತಿಶಾಲೆಗೆ ಹೋಗಿ ಹದಿನೆಂಟನೆಯ ವರ್ಷದಲ್ಲಿ ಹಿಂತಿರುಗಿದವನು ಊರಿಗೆ ಪರಕೀಯನಾಗಿರುತ್ತಾನೆ. ಊರೂ ಅವನಿಗೆ ಪರಕೀಯವಾಗಿರುತ್ತದೆ. ಓರಗೆಯ ಮಕ್ಕಳು ಅವನನ್ನು ಹೆಸರು ಹಿಡಿದು ಕರೆಯುವುದನ್ನು ಕಲಿಯದೆ ‘ಮೂಗ’, ‘ಕುಂಟ’ ಎಂದು ಕರೆಯುವುದನ್ನೇ ಕಲಿತಿರುತ್ತಾರೆ. ಬೀಗ ಹಾಕಿದ ಬಾಗಿಲುಗಳ ಹಿಂದೆ ಎಳೆಯರ ಮೇಲೆ ಏನೇನು ನಡೆಯಬಹುದೆಂಬುದನ್ನೂ ಮರೆಯುವಂತಿಲ್ಲ. ವಿಶೇಷ ಶಾಲೆಯ ಪಕ್ಷದವರು ಇದನ್ನೆಲ್ಲ ಒಪ್ಪಿಕೊಂಡು, ಆ ಮಗುವಿಗೆ ಕಲಿಸಬಲ್ಲವರು ಅಲ್ಲಿಯೇ ಇರುವುದಲ್ಲವೆ, ಅದರಂತಹ ಗೆಳೆಯರು ಅಲ್ಲಿಯೇ ಇರುವುದಲ್ಲವೆ ಎಂದು ಕೇಳುತ್ತಾರೆ. ಇದೂ ಸತ್ಯವೇ. ಹೀಗೆ ಇಬ್ಬರ ಮಾತೂ ಸತ್ಯವಾಗಿದ್ದು ವಾದ ಮುಗಿಯದಿದ್ದರೆ, ವಾದದ ವಿಷಯವನ್ನೇ ತಪ್ಪಾಗಿ ಹಿಡಿದಿರುವರೆಂದು ಊಹಿಸಬೇಕಾಗುವುದು.

ತಪ್ಪು ಇರುವುದು ಇಲ್ಲಿ. ವಿಶೇಷ ಅಗತ್ಯವುಳ್ಳ ಮಗು ಎಂಬ ಒಂದು ಮಗು ಲೋಕದಲ್ಲಿ ಎಲ್ಲಿಯೂ ಇಲ್ಲ. 2016ರ ಅಧಿನಿಯಮವೇ 21 ಬಗೆಯ ನ್ಯೂನತೆಗಳನ್ನು ಎಣಿಸಿದೆ. ಕಣ್ಣು ಕಾಣದ ಮಗುವಿಗೂ ಕಿವಿ ಕೇಳದ ಮಗುವಿಗೂ ನಡುವೆ, ಕಲಿಯುವ ಹಾದಿಯ ಮಟ್ಟಿಗೆ, ಇರುವಷ್ಟು ಅಂತರ ಆ ಇಬ್ಬರಿಗೂ ಇತರ ಮಕ್ಕಳಿಗೂ ನಡುವೆ ಇಲ್ಲ. ಆದರೂ ಚರ್ಚೆಯಲ್ಲಿ ಎಲ್ಲರನ್ನೂ ಒಂದೇ ಮೂಟೆಯಲ್ಲಿ ಕಟ್ಟಿ, ಈ ಮೂಟೆಯನ್ನು ಯಾವ ಕಟ್ಟಡದಲ್ಲಿ ಇಳಿಸಬೇಕೆಂದು ಜಗಳವಾಡುವುದು ರೂಢಿಯಾಗಿದೆ.

ಕಣ್ಣು ಕಾಣದ ಮಗುವನ್ನು ತೆಗೆದುಕೊಳ್ಳೋಣ. ಅದಕ್ಕೆ ಮನೆಯ ಮಾತು ಬರುತ್ತದೆ. ಉಪಾಧ್ಯಾಯರ ಮಾತು ಕಿವಿಗೆ ಬೀಳುತ್ತದೆ. ಓರಗೆಯವರೊಡನೆ ಹರಟೆಗೆ ಅಡ್ಡಿಯಿಲ್ಲ. ಅದಕ್ಕೆ ಬೇಕಾದುದು ಬೆರಳಿನಿಂದ ಓದುವ ಲಿಪಿ, ಕೋಲು ಹಿಡಿದು ನಡೆಯುವ ಅಭ್ಯಾಸ, ಆ ಲಿಪಿಯಲ್ಲಿ ಅಚ್ಚಾದ ಪುಸ್ತಕ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲ್ ಒಪ್ಪಿತವಾದಂದಿನಿಂದ ಲಿಪಿಯ ಗೊಂದಲವೂ ತೀರಿದೆ. ಎಳವೆಯಲ್ಲಿ ಎರಡು ಮೂರು ವರ್ಷ ಇದನ್ನು ಬಲ್ಲವರ ಬಳಿ ಕಲಿತ ಮಗು ಆಮೇಲೆ ಮತ್ತೋಡಿನಲ್ಲಾಗಲಿ ತಾಳ್ಯದಲ್ಲಾಗಲಿ ಊರಿನ ಶಾಲೆಯಲ್ಲೇ ಸುಖವಾಗಿ ಓದಬಹುದು; ಪುಸ್ತಕ ಸಕಾಲದಲ್ಲಿ ಬಂದರೆ ಸರಿ. ಆ ‘ಬಂದರೆ’ ಎಂಬ ಮಾತಿನಲ್ಲಿ ಎಷ್ಟು ಹೆತ್ತವರ ಆಸೆ ತೂಗಾಡುತ್ತಿದೆಯೆಂಬುದು ಬೇರೆ ಮಾತು. ಇನ್ನು ಕಾಲಿನ ಬಲವಿಲ್ಲದ, ಬುದ್ಧಿಯಲ್ಲಿ ಯಾವ ಕುಂದೂ ಇಲ್ಲದ ಮಗುವನ್ನು ಬೇರೆ ಶಾಲೆಗೆ ಕಳುಹಿಸುವುದು ಶುದ್ಧ ಅನ್ಯಾಯ. ಅಲ್ಲಿ ಬದಲಾಗಬೇಕಾದುದು ಮೆಟ್ಟಿಲು ಮತ್ತು ಶೌಚಾಲಯ, ಮಗುವಲ್ಲ.

ಕಿವಿ ಕೇಳದ ಮಗುವಿನ ಮಾತು ಬೇರೆ. ಅದಕ್ಕೆ ಕಾಣದಿರುವುದು ಹಲಗೆಯಲ್ಲ, ಭಾಷೆ. ಉಳಿದ ಮಕ್ಕಳು ಶಾಲೆಗೆ ಬರುವ ವೇಳೆಗೆ ಸಾವಿರಾರು ಮಾತುಗಳನ್ನು ತೊಟ್ಟಿಲಿನಲ್ಲಿ, ಜಗಲಿಯಲ್ಲಿ, ಬಾವಿಕಟ್ಟೆಯಲ್ಲಿ ಯಾರೂ ಕಲಿಸದೆಯೇ ಕಲಿತಿರುತ್ತಾರೆ. ಈ ಮಗುವಾದರೋ ಐದಾರು ವರ್ಷ ಬೆಳೆದರೂ ಹಸಿವೆ, ನಿದ್ದೆ, ಅಪ್ಪ, ದನ ಎಂಬಿವಕ್ಕೆ ಮನೆಯವರು ಕಟ್ಟಿಕೊಂಡ ಹತ್ತಾರು ಸನ್ನೆಗಳ ಹೊರತು ಬೇರೊಂದು ಭಾಷೆಯನ್ನು ಅರಿಯದೆ ಇರಬಹುದು. ನಾಳೆ ಎಂಬುದನ್ನು ಅದಕ್ಕೆ ಹೇಳುವ ಬಗೆ ಹೇಗೆ? ಏಕೆ ಎಂದು ಅದು ಕೇಳುವ ಬಗೆ ಹೇಗೆ? ಎಳವೆಯಲ್ಲಿ ಭಾಷೆಯೊಂದು ಊರದೆ ಹೋದರೆ ಮುಂದೆ ಎಷ್ಟು ಪ್ರಯತ್ನಿಸಿದರೂ ಅದು ಪೂರ್ಣವಾಗಿ ಊರಲಾರದೆಂಬುದು ಈ ವಿಷಯದಲ್ಲಿ ತಿಳಿದವರೆಲ್ಲರೂ ಒಪ್ಪಿದ ಮಾತು. ಸನ್ನೆಭಾಷೆಯೆಂಬುದು ಕೈಯಾಡಿಸುವ ಆಟವಲ್ಲ. ತನ್ನದೇ ವ್ಯಾಕರಣವುಳ್ಳ ಪೂರ್ಣಭಾಷೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರದವರು 10,000 ಪದಗಳ ಕೋಶವನ್ನೇ ಸಿದ್ಧಪಡಿಸಿದ್ದಾರೆ. ಆದರೆ ಯಾವ ಭಾಷೆಯೂ ಕೋಶದಿಂದ ಬಾರದು. ಆಡುವ ಜನ ಬೇಕು. ಇಡೀ ಊರಿನಲ್ಲಿ ಕಿವಿ ಕೇಳದ ಮಗು ಒಂದೇ ಇದ್ದು, ಆ ಮಗುವನ್ನು ಊರಿನ ಶಾಲೆಯಲ್ಲಿಯೇ ಇರಿಸಿದರೆ, ಭಾಷೆಯಿಲ್ಲದ ಸೆರೆಯಲ್ಲಿ ಇರಿಸಿದಂತೆಯೇ ಸರಿ. ಅದಕ್ಕೆ ಸಂಗ ಬೇಕು. ತನ್ನಂತಹ ಹತ್ತಿಪ್ಪತ್ತು ಮಕ್ಕಳ ಸಂಗ, ಮತ್ತು ಆ ಭಾಷೆಯಲ್ಲಿಯೇ ಬದುಕಿ ಬಾಳಿದ, ಕಿವಿ ಕೇಳದ ಹಿರಿಯರೊಬ್ಬರ ಸಂಗ.

ಸಾಮಾನ್ಯ ಶಾಲೆಯೇ ಎಲ್ಲರಿಗೂ ಸಾಕೆನ್ನುವವರು ಇಲ್ಲಿ ಇತಿಹಾಸವನ್ನು ಸ್ವಲ್ಪ ನೋಡಬೇಕು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಉಪಾಧ್ಯಾಯರ ಸಮ್ಮೇಳನವೊಂದು ಸೇರಿ, ಸನ್ನೆಭಾಷೆಯನ್ನು ಶಾಲೆಗಳಿಂದ ಹೊರಹಾಕಿ ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯ ಮಾಡಿತು. ಕಿವುಡರನ್ನು ಲೋಕದೊಡನೆ ಬೆರೆಸಬೇಕೆಂಬ ಸದುದ್ದೇಶವೇ ಅದಕ್ಕೂ ಇದ್ದುದು. ತುಟಿಯನ್ನು ನೋಡಿ ಮಾತನ್ನು ಊಹಿಸುವುದರಲ್ಲಿ ಎಷ್ಟೋ ತಲೆಮಾರಿನ ಮಕ್ಕಳ ಎಳವೆ ವ್ಯರ್ಥವಾಯಿತು. 2010ರಲ್ಲಿ, ಎಂದರೆ 130 ವರ್ಷಗಳಾದ ಮೇಲೆ, ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ಈಚೆಗೆ ಸರ್ಕಾರದ ನೆರವಿನಿಂದ ಎಳೆಯ ಮಕ್ಕಳಿಗೆ ಕಾಕ್ಲಿಯರ್ ಸಾಧನವನ್ನು ಅಳವಡಿಸುವುದು ಬಳಕೆಗೆ ಬಂದಿದೆ, ಅದು ಉಪಕಾರವೇ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೆ ವರ್ಷಗಟ್ಟಲೆ ಕೇಳುವ ಮತ್ತು ಆಡುವ ಶಿಕ್ಷಣ ಬೇಕು. ಅದಕ್ಕಾಗಿ ಧರ್ಮಪುರ ಹೋಬಳಿಯ ಕೂಲಿಯವಳೊಬ್ಬಳು ವಾರಕ್ಕೊಮ್ಮೆ ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಪಟ್ಟಣಕ್ಕೆ ಹೋಗಬೇಕೆಂದರೆ, ಸಾಧನ ಪೆಟ್ಟಿಗೆಯಲ್ಲಿ ಉಳಿಯುವ ದಿನ ದೂರವಿಲ್ಲ.

ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳ ವಿಷಯದಲ್ಲಿ ಎರಡು ಪಕ್ಷದವರೂ ಒಂದೇ ಬಗೆಯ ಉದಾಸೀನವನ್ನು ತೋರುತ್ತಾರೆ. ಇಂತಹವರು ಹಳ್ಳಿಯ ಶಾಲೆಯಲ್ಲಿ ತರಗತಿಯಿಂದ ತರಗತಿಗೆ ಏರುತ್ತ, ಹಣದ ಲೆಕ್ಕವನ್ನಾಗಲಿ ಬಸ್ಸಿನ ಫಲಕವನ್ನಾಗಲಿ ಅರಿಯದೆ ಹೊರಬರುವುದುಂಟು. ಅವರಿಗೆ ನೆರೆಯ ಶಾಲೆಯೇ ಯುಕ್ತ. ಏಕೆಂದರೆ ಅವರು ಬಾಳಬೇಕಾದುದು ಆ ಊರಿನಲ್ಲಿಯೇ. ಆದರೆ ಪಾಠ ಬೇರೆಯಾಗಬೇಕು, ಪರೀಕ್ಷೆ ಬೇರೆಯಾಗಬೇಕು, ಸಂತೆಯಲ್ಲಿ ಚಿಲ್ಲರೆ ಎಣಿಸುವುದನ್ನು ನೂರು ಸಲ ತಾಳ್ಮೆಯಿಂದ ಕಲಿಸುವವರು ಬೇಕು.

ವಿಶೇಷ ಶಾಲೆಯೆಂದರೆ ಬೇಲಿಯೆಂದೂ ಸಾಮಾನ್ಯ ಶಾಲೆಯೆಂದರೆ ಬಯಲೆಂದೂ ತಿಳಿಯುವವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಡೆ ತಿರುಗಿ ನೋಡಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳಿಗೆ (1892–1944) ಕಣ್ಣು ಕಾಣದು. ಅವರ ತರುವಾಯ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಾಣದು. ಕುರುಡ ಮಕ್ಕಳಿಗೆ ಅದು ತೌರಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಅಷ್ಟು ತಿಳಿಯದಿರುವುದು, ಕಣ್ಣು ಕಾಣುವವರೂ ಅಲ್ಲಿ ಕಲಿತರೆಂಬುದು. ಹಿಂದೂಸ್ತಾನಿ ಸಂಗೀತದಲ್ಲಿ ದೇಶವಿಖ್ಯಾತರಾದ ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರು. ಕಣ್ಣಿದ್ದವರು ಕಣ್ಣಿಲ್ಲದವರ ಪಕ್ಕದಲ್ಲಿ, ಕಣ್ಣಿಲ್ಲದ ಗುರುವಿನ ಎದುರಿನಲ್ಲಿ ಕುಳಿತು ಕಲಿತರು. ಇದಕ್ಕಿಂತ ಹೆಚ್ಚಿನ ಸಮನ್ವಯ ಯಾವ ಸುತ್ತೋಲೆಯಿಂದ ಆಗಿದೆ? ಅಲ್ಲಿ ಆ ಕಾರ್ಯ ಆದುದು ಕಟ್ಟಡದ ಹೆಸರಿನಿಂದಲ್ಲ. ಹಾದಿಯನ್ನು ಬಲ್ಲ ಗುರು ಇದ್ದುದರಿಂದ.

ವಿಶೇಷ ಶಾಲೆಗಳನ್ನೆಲ್ಲ ಮುಚ್ಚಬೇಕೆನ್ನುವವರು ಇಟಲಿಯ ಮೇಲ್ಪಂಕ್ತಿಯನ್ನು ಹೇಳುವುದುಂಟು. ಆ ದೇಶ 1977ರ 517ನೆಯ ಸಂಖ್ಯೆಯ ಕಾನೂನಿನಿಂದ ಈ ಮಕ್ಕಳನ್ನು ಸಾಮಾನ್ಯ ತರಗತಿಗಳಿಗೆ ತಂದುದು ನಿಜ. ಅದೇ ಕಾನೂನು ಅಂತಹ ತರಗತಿಗೆ ನೆರವಿನ ಉಪಾಧ್ಯಾಯರನ್ನು ಕೊಟ್ಟು, ತರಗತಿಯ ಮಕ್ಕಳ ಸಂಖ್ಯೆ 20ನ್ನು ಮೀರಕೂಡದೆಂದು ವಿಧಿಸಿದುದನ್ನು ಮಾತ್ರ ಇವರು ಹೇಳುವುದಿಲ್ಲ. ಅರ್ಧ ಉದಾಹರಣೆ ಪೂರ್ತಿ ಸುಳ್ಳಿಗೆ ಸಮಾನ. ಇಂಗ್ಲೆಂಡಿನಲ್ಲಿ ಸಾಮಾನ್ಯ ಶಾಲೆಯ ಕಡೆಗೆ ದೇಶವನ್ನು ತಿರುಗಿಸಿದ 1978ರ ವರದಿ ಮೇರಿ ವಾರ್ನಾಕ್ ಎಂಬ ತತ್ತ್ವಶಾಸ್ತ್ರಜ್ಞೆಯ ಅಧ್ಯಕ್ಷತೆಯಲ್ಲಿ ಸಿದ್ಧವಾದುದು. ಆಕೆಯೇ 2005ರಲ್ಲಿ ಪುಸ್ತಿಕೆಯೊಂದನ್ನು ಬರೆದು, ಎಲ್ಲರನ್ನೂ ಒಂದೇ ಛಾವಣಿಯ ಕೆಳಗೆ ತರುವುದೇ ಸಮನ್ವಯವೆಂಬ ಗ್ರಹಿಕೆಯನ್ನು ಪುನಃ ವಿಚಾರಿಸಬೇಕೆಂದೂ ಕೆಲವು ಮಕ್ಕಳಿಗೆ ಚಿಕ್ಕ ವಿಶೇಷ ಶಾಲೆಗಳೇ ಬೇಕೆಂದೂ ವಾದಿಸಿದರು. ಬೇರೂರಿದ ತತ್ತ್ವವೊಂದನ್ನು ಅದರ ಪ್ರವರ್ತಕರೇ ತೂಗಿ ನೋಡಬಲ್ಲವರಾದರೆ, ಅನುಯಾಯಿಗಳಿಗೆ ಅಷ್ಟು ಭಕ್ತಿ ಏತಕ್ಕೆ?

ಭಕ್ತಿಗೆ ಕಾರಣವನ್ನು ಹುಡುಕಿದರೆ ಕೊನೆಗೆ ಖಜಾನೆಯ ಬಾಗಿಲಿಗೆ ಬಂದು ನಿಲ್ಲಬೇಕಾಗುವುದು. ಸೇರಿಸಿಕೊಳ್ಳುವುದು ಅಗ್ಗ, ಕಲಿಸುವುದು ತುಟ್ಟಿ. ಸಮಗ್ರ ಶಿಕ್ಷಣವೆಂದು 2018ರಲ್ಲಿ ಆರಂಭವಾದ ಯೋಜನೆಯಲ್ಲಿ ಇಂತಹ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿದರು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ವೇತನವನ್ನೂ ಇಟ್ಟರು. ಇದರಲ್ಲಿ ಸಾಧನ, ಸಾರಿಗೆ, ಜೊತೆಗಾರರ ಭತ್ಯೆ ಎಲ್ಲವೂ ಅಡಗಬೇಕು. ಇನ್ನು ಉಪಾಧ್ಯಾಯರೋ? ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆಂದು ಬೆರಳೆಣಿಕೆಯಷ್ಟು ಸಂಪನ್ಮೂಲ ಉಪಾಧ್ಯಾಯರು ಇರುತ್ತಾರೆ. ಅವರಲ್ಲಿ ಶ್ರದ್ಧಾವಂತರು ಅನೇಕರುಂಟು, ದೋಷ ಅವರದಲ್ಲ. ತಾಲ್ಲೂಕೊಂದರಲ್ಲಿ 200 ಶಾಲೆಗಳೂ ಇಬ್ಬರು ಸಂಪನ್ಮೂಲ ಉಪಾಧ್ಯಾಯರೂ ಇದ್ದಾರೆಂದಿಟ್ಟುಕೊಳ್ಳಿರಿ. ವರ್ಷದ 220 ಕೆಲಸದ ದಿನಗಳಲ್ಲಿ ಒಂದು ದಿನವೂ ಸಭೆಯೆಂದೂ ವರದಿಯೆಂದೂ ತಪ್ಪಿಸಿಕೊಳ್ಳದೆ, ದಿನಕ್ಕೊಂದು ಶಾಲೆಯಂತೆ ಅವರು ತಿರುಗಿದರೂ, ಒಂದು ಶಾಲೆಯ ಪಾಲಿಗೆ ಬರುವುದು ವರ್ಷಕ್ಕೆ ಎರಡು ಭೇಟಿಗಳಿಗಿಂತ ತುಸು ಹೆಚ್ಚು. ವರ್ಷಕ್ಕೆ ಎರಡು ದಿನ ಬ್ರೈಲ್ ಕಲಿತು ಓದು ಬಂದ ಮಗುವನ್ನು ಯಾರಾದರೂ ಕಂಡಿದ್ದರೆ ತೋರಿಸಲಿ. ಮಾರಿಕಣಿವೆಯಲ್ಲಿ 1907ರ ವೇಳೆಗೆ ವೇದಾವತಿಗೆ ಕಟ್ಟೆ ಕಟ್ಟಿ ಮುಗಿಸಿದವರು ಅಷ್ಟಕ್ಕೇ ಸುಮ್ಮನಾಗಿ ನಾಲೆಗಳನ್ನು ತೋಡದೆ ಬಿಟ್ಟಿದ್ದರೆ, ಹಿರಿಯೂರಿನ ರೈತನಿಗೆ ನೀರಿನ ದರ್ಶನಪುಣ್ಯವಷ್ಟೆ ಲಭಿಸುತ್ತಿತ್ತು.

ತೀವ್ರವಾದ ನ್ಯೂನತೆಯುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣವೆಂಬ ಇನ್ನೊಂದು ಏರ್ಪಾಡು ಉಂಟು. 2012ರ ತಿದ್ದುಪಡಿ ಅದನ್ನು ಮಗುವಿನ ಹಕ್ಕಾಗಿ ಹೇಳಿತು. ಹಕ್ಕಾಗಿ ಹೇಳಿದುದು ಕೆಲವೆಡೆ ಶಾಲೆಯವರ ಅನುಕೂಲವಾಗಿ ಪರಿಣಮಿಸಿದೆ. ಎತ್ತಿ ಕೂರಿಸಬೇಕಾದ, ಬಟ್ಟೆ ಬದಲಿಸಬೇಕಾದ ಮಗು ಬಂದರೆ, “ಮನೆಯಲ್ಲೇ ಇರಲಿ ಬಿಡಮ್ಮ, ನಾವೇ ಬಂದು ಕಲಿಸುತ್ತೇವೆ” ಎಂದು ತಾಯಿಗೆ ಹೇಳುವುದು ಸುಲಭ. ಬರುವುದು ಸುಲಭವಲ್ಲ. ಮಳೆ ತಪ್ಪಿದ ವರ್ಷ ಸಂಸಾರವೇ ಗುಳೆ ಹೊರಟರೆ ಆ ಮನೆಯ ಶಿಕ್ಷಣ ಎಲ್ಲಿ ನಡೆಯಬೇಕೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಇಷ್ಟಕ್ಕೂ ಈ ಕಲಹದ ಬೇರು ತತ್ತ್ವದಲ್ಲಿರುವುದಕ್ಕಿಂತ ಕಚೇರಿಯಲ್ಲಿರುವುದೇ ಹೆಚ್ಚು. ಸಾಮಾನ್ಯ ಶಾಲೆ ಶಾಲಾ ಶಿಕ್ಷಣ ಇಲಾಖೆಗೆ ಸೇರಿದುದು. ವಿಶೇಷ ಶಾಲೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದುದು. ಕಲಿಯುವ ಎಳೆಯರನ್ನು ವೃದ್ಧರ ಜೊತೆಗೆ ಸೇರಿಸಿ ಒಂದೇ ಇಲಾಖೆಗೆ ಒಪ್ಪಿಸಿದ ಜಾಣ್ಮೆಯನ್ನು ಎಷ್ಟು ಹೊಗಳಿದರೂ ತೀರದು! ಒಂದು ಇಲಾಖೆಯ ದೃಷ್ಟಿಯಲ್ಲಿ ಈ ಮಗು ವಿದ್ಯಾರ್ಥಿ, ಇನ್ನೊಂದರ ದೃಷ್ಟಿಯಲ್ಲಿ ಫಲಾನುಭವಿ. ವಿಶೇಷ ಶಾಲೆಯಲ್ಲಿ ನುರಿತ ಉಪಾಧ್ಯಾಯರು ಪಕ್ಕದ ಬೀದಿಯ ಸರ್ಕಾರಿ ಶಾಲೆಗೆ ಹೋಗಿ ವಾರಕ್ಕೆರಡು ಗಂಟೆ ಕಲಿಸುವಂತಿಲ್ಲ. ಅಲ್ಲಿನ ಮಗು ಇಲ್ಲಿಗೆ ಬಂದು ಲಿಪಿ ಕಲಿತು ಹಿಂತಿರುಗುವ ಕ್ರಮಬದ್ಧವಾದ ದಾರಿಯಿಲ್ಲ. ಕಿವುಡ ಮಕ್ಕಳಿಗೆ ಸರ್ಕಾರವೇ ನಡೆಸುವ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ ದೂರದ ಊರುಗಳಲ್ಲಿವೆ. ಉಳಿದವು ಹೆಚ್ಚಾಗಿ ಖಾಸಗಿ ಸಂಸ್ಥೆಗಳ ಶಾಲೆಗಳು. ಅಲ್ಲಿನ ಉಪಾಧ್ಯಾಯರು ಅಲ್ಪ ಗೌರವಧನಕ್ಕೆ ದುಡಿಯುತ್ತ, ಅನುದಾನದ ಕಂತು ಎಂದು ಬರುವುದೋ ಎಂದು ಎದುರುನೋಡುತ್ತಿರಬೇಕಾಗುವುದು. ಹೀಗಿರಲು ಅಧಿನಿಯಮ ಕೊಟ್ಟ ‘ಆಯ್ಕೆ’ ಎಂಬುದು ಶ್ರೀರಾಂಪುರದ ಅಥವಾ ರಾಮಗಿರಿಯ ಹೆತ್ತವರಿಗೆ ಏನಾಗಿ ಒದಗುತ್ತದೆ? ಒಂದು ಕೈಯಲ್ಲಿ ಕಲಿಸಲಾರದ ಹತ್ತಿರದ ಶಾಲೆ, ಇನ್ನೊಂದು ಕೈಯಲ್ಲಿ ಕಲಿಸಬಲ್ಲ ದೂರದ ಶಾಲೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಹೇಳುವುದಕ್ಕೆ ಆಯ್ಕೆಯೆಂಬ ಹೆಸರು ಸಲ್ಲದು.

ಇಲ್ಲಿ ಕೆಲವರು ಎರಡು ಆಕ್ಷೇಪಣೆಗಳನ್ನು ಎತ್ತುವುದುಂಟು. ಇಂತಹ ಮಕ್ಕಳು ತರಗತಿಯಲ್ಲಿದ್ದರೆ ಉಳಿದವರ ಓದು ಕೆಡುತ್ತದೆಂಬುದು ಒಂದು. ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವ ಶಾಲೆಗಳಲ್ಲಿ ಉಳಿದವರ ಓದು ಆಗಲೇ ಕೆಟ್ಟಿದೆ. ಅದರ ಹೊಣೆಯನ್ನು ಮೂಲೆಯಲ್ಲಿ ಸುಮ್ಮನೆ ಕುಳಿತ ಮಗುವಿನ ತಲೆಗೆ ಕಟ್ಟುವುದು ಅನುಚಿತ. ಎರಡನೆಯದು, ಹಣವಿಲ್ಲವೆಂಬುದು. ಇದಕ್ಕೆ ಸಮಾಧಾನವನ್ನು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. 2021ರ ಅಕ್ಟೋಬರ್ 28ರ ತೀರ್ಪಿನಲ್ಲಿ, ಇಂತಹ ಎಷ್ಟು ಮಕ್ಕಳಿಗೆ ಒಬ್ಬರು ವಿಶೇಷ ಉಪಾಧ್ಯಾಯರಿರಬೇಕೆಂಬ ಪ್ರಮಾಣವನ್ನು ಗೊತ್ತುಮಾಡಿ ಅದಕ್ಕೆ ತಕ್ಕ ಹುದ್ದೆಗಳನ್ನು ಸೃಷ್ಟಿಸಬೇಕೆಂದು ನ್ಯಾಯಾಲಯ ಹೇಳಿತು. ಅದು ನಡೆಯದಿರಲು 2025ರ ಮಾರ್ಚಿಯಲ್ಲಿ ಪುನಃ ಎಲ್ಲ ರಾಜ್ಯಗಳಿಗೂ ಹುದ್ದೆಗಳನ್ನು ಪ್ರಕಟಿಸಿ ತುಂಬಬೇಕೆಂದು ಆಜ್ಞೆ ಮಾಡಿತು. ಹಣವಿದೆಯೋ ಇಲ್ಲವೋ ಎಂಬುದು ಈಗ ಅಭಿಪ್ರಾಯದ ವಿಷಯವಾಗಿ ಉಳಿದಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಆಗಬೇಕಾದುದು ದುಸ್ಸಾಧ್ಯವಾದುದೇನೂ ಅಲ್ಲ. ಮೊದಲು ಎಣಿಕೆ ಸರಿಯಾಗಬೇಕು. ಶಾಲೆಯ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂದು 2016ರ ಅಧಿನಿಯಮದ 17ನೆಯ ಪ್ರಕರಣವೇ ವಿಧಿಸುತ್ತದೆ. ಅದು ಶಾಲೆಯ ಬಾಗಿಲಲ್ಲಿ ಆರಂಭವಾಗದೆ ಅಂಗನವಾಡಿಯ ಬಾಗಿಲಲ್ಲಿ ಆರಂಭವಾಗಬೇಕು. ಏಕೆಂದರೆ ಕಿವಿ ಕೇಳದ ಮಗುವನ್ನು ಆರನೆಯ ವರ್ಷದಲ್ಲಿ ಕಂಡುಹಿಡಿಯುವುದು ಬೆಳೆ ಒಣಗಿದ ಮೇಲೆ ಕೆರೆಯ ತೂಬನ್ನು ತೆಗೆದಂತೆ. ಅನಂತರ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಒಂದೊಂದು ಸರ್ಕಾರಿ ಶಾಲೆಯನ್ನು ಆರಿಸಿ, ತಾಲ್ಲೂಕಿನ ಕಿವಿ ಕೇಳದ ಮಕ್ಕಳನ್ನೆಲ್ಲ ಮೂರನೆಯ ವರ್ಷದಿಂದಲೇ ಅಲ್ಲಿ ಕೂಡಿಸಬೇಕು. ಅವರ ಪಾಠ ಸನ್ನೆಭಾಷೆಯಲ್ಲಿ ನಡೆಯಲಿ. ಅವರ ಉಪಾಧ್ಯಾಯರಲ್ಲಿ ಒಬ್ಬರಾದರೂ ಕಿವಿ ಕೇಳದವರೇ ಆಗಿರಲಿ. ನ್ಯೂನತೆಯುಳ್ಳವರನ್ನೇ ಉಪಾಧ್ಯಾಯರಾಗಿ ನೇಮಿಸುವುದನ್ನು ಅದೇ 17ನೆಯ ಪ್ರಕರಣ ಸ್ಪಷ್ಟವಾಗಿ ಹೇಳಿದೆ. ಊಟ, ಆಟ, ಚಿತ್ರ, ಗಣಿತ ಇವೆಲ್ಲ ಅದೇ ಅಂಗಳದ ಕೇಳುವ ಮಕ್ಕಳೊಡನೆ ನಡೆಯಲಿ. ಕೇಳುವ ಮಕ್ಕಳೂ ಕೈಮಾತನ್ನು ಕಲಿಯಲಿ. ಅವರು ಅದನ್ನು ಕಲಿಯುವ ವೇಗವನ್ನು ಕಂಡರೆ ಹಿರಿಯರಿಗೆ ನಾಚಿಕೆಯಾದೀತು. ಅದು ವಿಶೇಷ ಶಾಲೆಯೋ ಸಾಮಾನ್ಯ ಶಾಲೆಯೋ ಎಂದು ಕೇಳುವವರು ಕೇಳುತ್ತಿರಲಿ.

ಕಣ್ಣು ಕಾಣದ ಮಕ್ಕಳು ಎಳವೆಯ ಎರಡು ಮೂರು ವರ್ಷಗಳನ್ನು ನುರಿತವರ ಬಳಿ ಕಳೆದು ಊರಿಗೆ ಹಿಂತಿರುಗುವ ಕ್ರಮವನ್ನು ಎರಡು ಇಲಾಖೆಗಳೂ ಕೂಡಿ ಬರೆದು ಗೊತ್ತುಪಡಿಸಲಿ. ವಿಶೇಷ ಶಾಲೆಗಳನ್ನು ಹಸಿವೆಯಿಂದ ಸಾಯಿಸುವುದನ್ನು ಬಿಟ್ಟು, ಅವುಗಳ ಉಪಾಧ್ಯಾಯರನ್ನು ಸುತ್ತಲಿನ ಶಾಲೆಗಳಿಗೆ ಗುರುಗಳನ್ನಾಗಿ ಮಾಡಲಿ. ಸಂಬಳವನ್ನು ಯಾವ ಇಲಾಖೆ ಕೊಡಬೇಕೆಂಬುದನ್ನು ಮಕ್ಕಳು ಬೆಳೆದು ದೊಡ್ಡವರಾಗುವುದಕ್ಕೆ ಮುಂಚೆ ಅಧಿಕಾರಿಗಳು ತೀರ್ಮಾನಿಸಿಕೊಳ್ಳಲಿ. ನೆರೆಯ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರದವರು ತಿಂಗಳಿಗೆ ಗೊತ್ತಾದ ದಿನಗಳಲ್ಲಿ ಈ ತಾಲ್ಲೂಕುಗಳ ಪಟ್ಟಣಗಳಿಗೆ ಬಂದು ಕುಳಿತರೆ, ಹೆತ್ತವರ ಎಷ್ಟೋ ದಿನದ ಕೂಲಿ ಉಳಿಯುತ್ತದೆ.

ಇವೆಲ್ಲಕ್ಕಿಂತ ಮೊದಲು ಪ್ರತಿ ಗ್ರಾಮದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಜೂನ್ ತಿಂಗಳ ದಾಖಲಾತಿಯ ಹೊತ್ತಿಗೆ ಹಾಜರಿ ಪುಸ್ತಕವನ್ನು ತರಿಸಿ, ಸಂಕೇತ ಬಿದ್ದ ಒಂದೊಂದು ಹೆಸರಿನ ಎದುರಿಗೂ ಈ ಮಗುವಿಗೆ ಕಲಿಸಬಲ್ಲವರು ಯಾರು, ಅವರು ವಾರದಲ್ಲಿ ಯಾವ ದಿನ ಬರುತ್ತಾರೆ ಎಂಬ ಎರಡು ಸಂಗತಿಗಳನ್ನು ಬರೆಯಿಸಲಿ. ಬರೆಯಲು ಹೆಸರಿಲ್ಲದ ಕಡೆ ಖಾಲಿ ಬಿಟ್ಟು, ಆ ಪುಟದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಸಹಿಯೊಡನೆ ಕಳುಹಿಸಿ ರಸೀದಿ ಪಡೆಯಲಿ. ಖಾಲಿ ಜಾಗಗಳನ್ನು ಕೂಡಿಸಿದರೆ ಎಷ್ಟು ಹುದ್ದೆಗಳು ಬೇಕೆಂಬ ಲೆಕ್ಕ ತಾನಾಗಿಯೇ ಸಿಗುತ್ತದೆ.